ರಸ್ತೆಯ ಸುಂಕವನ್ನು ಅಳೆಯುವುದು ಹೇಗೆ?

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬುದು ನಮ್ಮಲ್ಲಿ ಹಳೆಯ ಗಾದೆ. ಸುಂಕದವನಿಗೆ ದಾರಿಹೋಕರ ಕಷ್ಟಸುಖಗಳು ಬೇಡ. ಅವನಿಗೆ ಬೇಕಾದುದು ಲೆಕ್ಕವೊಂದೇ. ಎತ್ತಿನ ಬೆನ್ನ ಮೇಲೆ ಎಷ್ಟು ಹೇರು, ಬಂಡಿಯಲ್ಲಿ ಎಷ್ಟು ಹೇರು ಎಂದು ಎಣಿಸಿ ಅವನು ಹಣ ಪಡೆಯುತ್ತಿದ್ದನು. ಕನ್ನಡ ನಾಡಿನ ಶಾಸನಗಳಲ್ಲಿ ಇಂತಹ ಸುಂಕಗಳ ಪ್ರಸ್ತಾಪ ಹೇರಳವಾಗಿದೆ. ಬೆಂಗಳೂರಿನ ಸುಂಕದಕಟ್ಟೆಯಂತಹ ಸ್ಥಳನಾಮಗಳಲ್ಲಿ ಆ ಕಾಲದ ನೆನಪು ಇಂದಿಗೂ ಉಳಿದಿದೆ.

ಎತ್ತಿನ ಸ್ಥಾನಕ್ಕೆ ಮೋಟಾರು ಬಂದ ಮೇಲೂ ಸುಂಕದವನ ಪ್ರಶ್ನೆ ಹಾಗೆಯೇ ಉಳಿಯಿತು. ಏನನ್ನು ಅಳೆದು ಹಣ ಕೇಳಬೇಕು? ಗಾಡಿಯ ಬೆಲೆಯನ್ನೇ, ಅದು ಸುಡುವ ಎಣ್ಣೆಯನ್ನೇ, ಹೊರುವ ಭಾರವನ್ನೇ, ಓಡುವ ದೂರವನ್ನೇ? ಇದು ಸರಕಾರದ ಬೊಕ್ಕಸಕ್ಕೆ ಮಾತ್ರ ಸೇರಿದ ವಿಷಯವೆಂದು ತೋರಬಹುದು. ಆದರೆ ಅಳತೆ ತಪ್ಪಿದಲ್ಲಿ ಒಬ್ಬನು ಮಾಡಿದ ಸವಕಳಿಯ ವೆಚ್ಚವನ್ನು ಇನ್ನೊಬ್ಬನು ತೆರಬೇಕಾಗುತ್ತದೆ. ಆದುದರಿಂದ ರಸ್ತೆಯನ್ನು ಬಳಸುವ ನಾವೆಲ್ಲರೂ ಈ ಲೆಕ್ಕವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಬೆಲೆಯ ಮೇಲೆ, ಎಣ್ಣೆಯ ಮೇಲೆ

ಮೊದಲು ರೂಢಿಯಲ್ಲಿರುವ ಅಳತೆಗಳನ್ನು ನೋಡೋಣ. ಕರ್ನಾಟಕದಲ್ಲಿ ಸ್ವಂತ ಕಾರನ್ನು ನೋಂದಾಯಿಸುವಾಗಲೇ ಅದರ ಬೆಲೆಗೆ ಅನುಗುಣವಾಗಿ ಜೀವಾವಧಿ ತೆರಿಗೆಯನ್ನು ಕಟ್ಟಬೇಕು. ವಸೂಲಿಗೆ ಇದಕ್ಕಿಂತ ಸುಲಭವಾದ ಮಾರ್ಗವಿಲ್ಲ. ಆದರೆ ವರ್ಷಕ್ಕೆ 3,000 ಕಿಲೋಮೀಟರು ಓಡುವ ಕಾರಿಗೂ 30,000 ಕಿಲೋಮೀಟರು ಓಡುವ ಅದೇ ಬೆಲೆಯ ಕಾರಿಗೂ ತೆರಿಗೆ ಒಂದೇ. ಒಮ್ಮೆ ಹಣ ಕಟ್ಟಿದವನಿಗೆ ಗಾಡಿಯನ್ನು ಹೆಚ್ಚು ಓಡಿಸಿದಷ್ಟೂ ಲಾಭ ಎಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ.

ಎಣ್ಣೆಯ ಮೇಲಿನ ತೆರಿಗೆ ಇದಕ್ಕಿಂತ ಮೇಲು. ಅಮೆರಿಕದ ಆರೆಗಾನ್ ಸಂಸ್ಥಾನವು 1919ರಲ್ಲಿ ಗ್ಯಾಲನ್ನಿಗೆ ಒಂದು ಸೆಂಟಿನಂತೆ ಈ ತೆರಿಗೆಯನ್ನು ವಿಧಿಸಿತು. ಭಾರತದಲ್ಲಿ 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು ರಸ್ತೆಗಳ ಅಭಿವೃದ್ಧಿಗೆ ಇಂತಹ ತೆರಿಗೆಯನ್ನೇ ಸೂಚಿಸಿತು. 1929ರಲ್ಲಿ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚಿನ ಸುಂಕ ಬಂದಿತು. ಹೆಚ್ಚು ಓಡಿಸಿದವನು ಹೆಚ್ಚು ಎಣ್ಣೆ ಸುಡುತ್ತಾನೆ, ಹೆಚ್ಚು ತೆರುತ್ತಾನೆ. ಭಾರವಾದ ಗಾಡಿಗೆ ಎಣ್ಣೆ ಹೆಚ್ಚು ಬೇಕು, ಆದುದರಿಂದ ಅದರ ಪಾಲೂ ಹೆಚ್ಚು. ಹೀಗೆ ನೋಡಿದರೆ ಈ ಏರ್ಪಾಡಿನಲ್ಲಿ ಲೋಪವೇ ಇಲ್ಲವೆಂದು ತೋರುತ್ತದೆ. ಆದರೆ ಈ ‘ಹೆಚ್ಚು’ ಎಂಬುದು ಎಷ್ಟು ಹೆಚ್ಚು? ಇಲ್ಲಿ ನಾವು ವಿಜ್ಞಾನವನ್ನು ಕೇಳಬೇಕಾಗುತ್ತದೆ.

ಭಾರದ ಲೆಕ್ಕ

ಗಾಡಿ ಹೋದಾಗ ರಸ್ತೆ ಎಷ್ಟು ಸವೆಯುತ್ತದೆ ಎಂಬುದನ್ನು ತಿಳಿಯಲು 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ಸಂಸ್ಥಾನದ ಆಟ್ಟವ ಎಂಬ ಊರಿನ ಬಳಿ ಒಂದು ದೊಡ್ಡ ಪ್ರಯೋಗ ನಡೆಯಿತು. ಡಾಂಬರಿನಿಂದಲೂ ಕಾಂಕ್ರೀಟಿನಿಂದಲೂ ಬೇರೆ ಬೇರೆ ದಪ್ಪದ ರಸ್ತೆಗಳನ್ನು ಕಟ್ಟಿ, ಗೊತ್ತಾದ ಭಾರ ಹೇರಿದ ಲಾರಿಗಳನ್ನು ಎರಡು ವರ್ಷ ಕಾಲ ಅವುಗಳ ಮೇಲೆ ಸುತ್ತಿಸಿದರು. ಲಾರಿಗಳನ್ನು ಓಡಿಸಿದವರು ಸೈನಿಕರು. ಭಾರ ಹೊತ್ತ ಅಚ್ಚುಗಳು ಆ ರಸ್ತೆಗಳ ಮೇಲೆ ಸುಮಾರು 11 ಲಕ್ಷ ಸಲ ಹಾದುಹೋದವು. ಅಚ್ಚು ಎಂದರೆ ಎರಡು ಬದಿಯ ಗಾಲಿಗಳನ್ನು ಕೂಡಿಸುವ ದಂಡ. ರಸ್ತೆಗೆ ಮುಖ್ಯವಾದುದು ಗಾಡಿಯ ಒಟ್ಟು ತೂಕಕ್ಕಿಂತ ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ.

ಪ್ರಯೋಗದಿಂದ ಹೊರಬಿದ್ದ ನಿಯಮ ವಿಸ್ಮಯಕರವಾದುದು. ಅಚ್ಚಿನ ಭಾರ ಎರಡು ಪಟ್ಟಾದರೆ ಸವಕಳಿ ಎರಡು ಪಟ್ಟಾಗುವುದಿಲ್ಲ. ಸುಮಾರು ಹದಿನಾರು ಪಟ್ಟಾಗುತ್ತದೆ. ಎಂದರೆ ಸವಕಳಿಯು ಸ್ಥೂಲವಾಗಿ ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. ರಸ್ತೆಯ ಜಾತಿಗೆ ತಕ್ಕಂತೆ ಈ ಘಾತ ಸ್ವಲ್ಪ ಹೆಚ್ಚು ಕಡಮೆಯಾಗಬಹುದು. ಆದರೆ ಒಟ್ಟಿನ ಸ್ವರೂಪ ಬದಲಾಗುವುದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಎರಡು ಟನ್ನು ತೂಗುವ ದೊಡ್ಡ ಕಾರಿನ ಒಂದು ಅಚ್ಚಿನ ಮೇಲೆ ಒಂದು ಟನ್ನು ಭಾರ ಬೀಳುತ್ತದೆ. ಸರಕು ತುಂಬಿದ ಲಾರಿಯ ಹಿಂದಿನ ಅಚ್ಚಿನ ಮೇಲೆ ಹತ್ತು ಟನ್ನು ಬೀಳಬಹುದು. ಭಾರ ಹತ್ತು ಪಟ್ಟು; ಹತ್ತನ್ನು ನಾಲ್ಕು ಸಲ ಗುಣಿಸಿದರೆ ಸವಕಳಿ ಹತ್ತು ಸಾವಿರ ಪಟ್ಟು! ಈ ಕಾರು ಲೀಟರಿಗೆ 12 ಕಿಲೋಮೀಟರು, ಲಾರಿ 4 ಕಿಲೋಮೀಟರು ಓಡುವುದೆಂದು ಇಟ್ಟುಕೊಂಡರೆ, ಲಾರಿ ಸುಡುವ ಎಣ್ಣೆ ಕೇವಲ ಮೂರು ಪಟ್ಟು. ಸ್ಕೂಟರಿನಿಂದಾಗುವ ಸವಕಳಿ ಲೆಕ್ಕಕ್ಕೇ ಸಿಗದಷ್ಟು ಅಲ್ಪ. ಆದರೂ ಸ್ಕೂಟರಿನವನು ಎಣ್ಣೆಯ ತೆರಿಗೆ ಕೊಟ್ಟೇ ಕೊಡುತ್ತಾನೆ.

ಹಾಗೆಂದು ಲಾರಿಗೆ ಹತ್ತು ಸಾವಿರ ಪಟ್ಟು ತೆರಿಗೆ ಹಾಕಬೇಕೆಂದು ನಾವು ಹೇಳುವುದಿಲ್ಲ. ರಸ್ತೆಯ ವೆಚ್ಚವೆಲ್ಲ ಗಾಲಿಗಳಿಂದ ಆದುದಲ್ಲ. ನೆಲದ ಬೆಲೆ, ಸೇತುವೆ, ದೀಪ, ಬಿಸಿಲು ಮಳೆಗಳಿಂದಾಗುವ ಹಾನಿ ಇವೆಲ್ಲ ಎಲ್ಲರಿಗೂ ಸೇರಿದ ಖರ್ಚು. ಆದರೆ ಭಾರದಿಂದಾದ ಸವಕಳಿಯ ಪಾಲನ್ನು ಭಾರ ಹೊತ್ತವರಿಂದಲೇ ಪಡೆಯುವುದು ನ್ಯಾಯ.

ನಮ್ಮ ದೇಶದ ಒಂದು ಸಂಗತಿಯನ್ನು ಇದರ ಬೆಳಕಿನಲ್ಲಿ ನೋಡಬಹುದು. ನಾಲ್ಕು ಟೈರುಗಳ ಒಂಟಿ ಅಚ್ಚಿನ ಮೇಲೆ 10.2 ಟನ್ನು ಭಾರಕ್ಕೆ ಅನುಮತಿಯಿತ್ತು. 2018ರ ಜುಲೈಯಲ್ಲಿ ಕೇಂದ್ರ ಸರಕಾರ ಅದನ್ನು 11.5 ಟನ್ನಿಗೆ ಏರಿಸಿತು. ಭಾರ ಹೆಚ್ಚಿದುದು ಶೇಕಡ 13ರಷ್ಟು. ಆದರೆ ನಾಲ್ಕನೆಯ ಘಾತದ ಲೆಕ್ಕದಲ್ಲಿ ಪೂರ್ಣ ಭಾರದ ಅಂತಹ ಅಚ್ಚಿನಿಂದಾಗುವ ಸವಕಳಿ ಶೇಕಡ 60ಕ್ಕೂ ಹೆಚ್ಚು ಏರುತ್ತದೆ. ಅದರ ಮೇಲೂ ಕದ್ದು ಹೇರುವ ಪ್ರತಿಯೊಂದು ಟನ್ನಿನ ಹಾನಿಯನ್ನು ವಾಚಕರೇ ಊಹಿಸಬಹುದು.

ಇದೇ ನಿಯಮದಲ್ಲಿ ಪರಿಹಾರವೂ ಅಡಗಿದೆ. ಒಂದು ಅಚ್ಚಿನ ಮೇಲಿನ ಹತ್ತು ಟನ್ನನ್ನು ಎರಡು ಅಚ್ಚುಗಳಿಗೆ ಐದೈದರಂತೆ ಹಂಚಿದರೆ ಒಂದೊಂದರ ಸವಕಳಿ ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಎರಡನ್ನೂ ಕೂಡಿದರೆ ಎಂಟರಲ್ಲಿ ಒಂದು ಪಾಲು ಮಾತ್ರ. ನ್ಯೂಜಿಲೆಂಡಿನಲ್ಲಿ 1978ರಿಂದ ಭಾರವಾದ ಗಾಡಿಗಳ ಶುಲ್ಕವನ್ನು ತೂಕ, ಅಚ್ಚುಗಳ ಸಂಖ್ಯೆ, ಓಡುವ ದೂರ ಇವನ್ನು ನೋಡಿ ಗೊತ್ತುಮಾಡುತ್ತಾರೆ. ಅಚ್ಚುಗಳನ್ನು ಹೆಚ್ಚಿಸಿ ಭಾರವನ್ನು ಹಂಚಿದವನಿಗೆ ಅಲ್ಲಿ ಲಾಭವುಂಟು. ನಮ್ಮ ರಾಷ್ಟ್ರೀಯ ಹೆದ್ದಾರಿಗಳ 2008ರ ಶುಲ್ಕ ನಿಯಮಗಳಲ್ಲಿ ಮೂಲ ದರವು ಕಿಲೋಮೀಟರಿಗೆ ಕಾರಿಗೆ 65 ಪೈಸೆ, ಎರಡು ಅಚ್ಚಿನ ಲಾರಿಗೂ ಬಸ್ಸಿಗೂ 2 ರೂಪಾಯಿ 20 ಪೈಸೆ, ಮೂರು ಅಚ್ಚಿನ ಲಾರಿಗೆ 2 ರೂಪಾಯಿ 40 ಪೈಸೆ ಎಂದು ಇತ್ತು. ಮೂರನೆಯ ಅಚ್ಚಿಗೆ ಇಪ್ಪತ್ತೇ ಪೈಸೆ ಹೆಚ್ಚಿಸಿದುದು ಸರಿಯಾದ ದಿಕ್ಕು. ಆದರೆ ಕಾರಿಗೂ ಲಾರಿಗೂ ಇರುವ ಅಂತರ ಇಲ್ಲಿಯೂ ಮೂರು ಚಿಲ್ಲರೆ ಪಟ್ಟು ಮಾತ್ರವೆಂಬುದನ್ನು ಗಮನಿಸಬೇಕು.

ಸಂದಣಿಯ ಲೆಕ್ಕ

ಸವಕಳಿಯ ವಿಷಯದಲ್ಲಿ ಕಾರು ನಿರಪರಾಧಿ. ಆದರೆ ನಗರದಲ್ಲಿ ಅದರ ಮೇಲೆ ಬೇರೆ ಆಪಾದನೆಯಿದೆ. ಅದು ಸವೆಸುವುದು ರಸ್ತೆಯನ್ನಲ್ಲ, ಇತರರ ಕಾಲವನ್ನು.

ಲಾಳಿಕೆಗೆ ಕಾಳನ್ನು ನಿಧಾನವಾಗಿ ಸುರಿದರೆ ಸರಾಗವಾಗಿ ಇಳಿಯುತ್ತದೆ. ಒಮ್ಮೆಲೇ ಸುರಿದರೆ ಕಟ್ಟಿಕೊಂಡು ನಿಲ್ಲುತ್ತದೆ. ರಸ್ತೆಯೂ ಹಾಗೆಯೇ. ಅದರ ಸಾಮರ್ಥ್ಯದ ಮಿತಿಯನ್ನು ಸಮೀಪಿಸಿದಾಗ ಹೊಸದಾಗಿ ಸೇರುವ ಪ್ರತಿಯೊಂದು ಗಾಡಿಯೂ ಹಿಂದಿನವರೆಲ್ಲರನ್ನು ಸ್ವಲ್ಪ ಸ್ವಲ್ಪ ತಡೆಯುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ಸಂಜೆ ನಿಂತು ಕಾದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಒಂದು ಕಾರು ಬಂದುದರಿಂದ ಸಾವಿರ ಜನಕ್ಕೆ ತಲಾ ಎರಡು ಸೆಕೆಂಡು ತಡವಾಯಿತೆಂದು ಭಾವಿಸೋಣ. ಒಟ್ಟು ನಷ್ಟ ಎರಡು ಸಾವಿರ ಸೆಕೆಂಡು, ಎಂದರೆ ಸುಮಾರು 33 ನಿಮಿಷ. ಕಾರಿನವನು ತನ್ನ ಕಾಲವನ್ನು ಮಾತ್ರ ಎಣಿಸುತ್ತಾನೆ. ಇತರರ ಈ 33 ನಿಮಿಷ ಅವನ ಲೆಕ್ಕಕ್ಕೆ ಬರುವುದೇ ಇಲ್ಲ.

ಹೀಗೆ ಇತರರ ಮೇಲೆ ಬೀಳುವ ವೆಚ್ಚವನ್ನು ತೆರಿಗೆಯ ಮೂಲಕ ಮಾಡಿದವನಿಗೇ ತೋರಿಸಿಕೊಡಬೇಕೆಂಬ ವಿಚಾರವನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಪ್ರಕಟಿಸಿದನು. 1950ರ ದಶಕದಲ್ಲಿ ವಿಲಿಯಂ ವಿಕ್ರಿ ಅದನ್ನು ನಗರಗಳ ರಸ್ತೆಗಳಿಗೆ ಅನ್ವಯಿಸುವ ಬಗೆಯನ್ನು ಸೂಚಿಸಿದನು. ಅವನಿಗೆ 1996ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ವಿಚಾರವನ್ನು ಮೊದಲು ಕಾರ್ಯಕ್ಕೆ ತಂದುದು ಸಿಂಗಪುರ. 1975ರ ಜೂನ್‌ನಲ್ಲಿ, ಬೆಳಗಿನ ಸಂದಣಿಯ ವೇಳೆಯಲ್ಲಿ ನಗರದ ನಡುಭಾಗವನ್ನು ಹೊಗುವ ಕಾರುಗಳಿಗೆ ದಿನಕ್ಕೆ ಮೂರು ಡಾಲರಿನ ಪರವಾನಗಿ ಬೇಕೆಂದು ವಿಧಿಸಿದರು. ನಾಲ್ವರು ಕೂಡಿ ಬಂದರೆ ಶುಲ್ಕವಿಲ್ಲ. ಆ ವೇಳೆಯಲ್ಲಿ ಹೊಗುವ ಗಾಡಿಗಳು ಶೇಕಡ 40ಕ್ಕೂ ಹೆಚ್ಚು ಕಡಮೆಯಾದವು. 1998ರಿಂದ ಅಲ್ಲಿ ವಿದ್ಯುನ್ಮಾನ ಯಂತ್ರಗಳೇ ಹಣ ಎಣಿಸತೊಡಗಿದವು. ದರವು ಸ್ಥಳಕ್ಕೂ ವೇಳೆಗೂ ತಕ್ಕಂತೆ ಬದಲಾಯಿತು.

ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಇನ್ನೂ ಬೋಧಪ್ರದವಾದ ಪರೀಕ್ಷೆ ನಡೆಯಿತು. 2006ರ ಜನವರಿಯಿಂದ ಜುಲೈವರೆಗೆ ಮಾತ್ರ ಶುಲ್ಕ ವಿಧಿಸಿ ನೋಡಿದರು. ಶುಲ್ಕದ ಗಡಿಯನ್ನು ದಾಟುವ ಗಾಡಿಗಳು ಸುಮಾರು ಐದರಲ್ಲಿ ಒಂದು ಪಾಲು ತಗ್ಗಿದವು. ಶುಲ್ಕ ನಿಲ್ಲಿಸಿದೊಡನೆ ಸಂದಣಿ ಮತ್ತೆ ಏರಿತು. ಮೊದಲು ವಿರೋಧಿಸಿದ್ದ ನಗರದ ಜನರೇ ಸೆಪ್ಟೆಂಬರಿನಲ್ಲಿ ಬಹುಮತದಿಂದ ಅದನ್ನು ಒಪ್ಪಿದರು. 2007ರ ಆಗಸ್ಟಿನಲ್ಲಿ ಶುಲ್ಕ ಶಾಶ್ವತವಾಯಿತು. ಐದು ಗಾಡಿಗಳಲ್ಲಿ ಒಂದು ಸರಿದರೆ ಸಾಕು, ಉಳಿದ ನಾಲ್ಕು ಸರಾಗವಾಗಿ ಹೋಗುತ್ತವೆ ಎಂಬುದೇ ಇಲ್ಲಿಯ ಪಾಠ.

ಎಣ್ಣೆ ಸುಡದ ಗಾಡಿಗಳು

ಇಷ್ಟರಲ್ಲಿ ಹೊಸದೊಂದು ತೊಡಕು ಬಂದಿದೆ. ವಿದ್ಯುತ್ತಿನಿಂದ ಓಡುವ ಗಾಡಿ ಎಣ್ಣೆಯನ್ನು ಸುಡುವುದಿಲ್ಲ. ಆದುದರಿಂದ ಎಣ್ಣೆಯ ತೆರಿಗೆಯನ್ನೂ ಕೊಡುವುದಿಲ್ಲ. ಹೊಗೆಯ ದೃಷ್ಟಿಯಿಂದ ಅದು ಒಳ್ಳೆಯ ಗಾಡಿಯೇ. ಆದರೆ ರಸ್ತೆಯಲ್ಲಿ ಅದಕ್ಕೂ ಜಾಗ ಬೇಕು, ಸಂದಣಿಗೆ ಅದೂ ಕಾರಣ. ಇಂತಹ ಗಾಡಿಗಳು ಹೆಚ್ಚಿದಂತೆ ಎಣ್ಣೆಯ ತೆರಿಗೆಯ ಹೊರೆಯೆಲ್ಲ ಹಳೆಯ ಗಾಡಿಯವರ ಮೇಲೆ, ಎಂದರೆ ಹೊಸದನ್ನು ಕೊಳ್ಳಲಾರದವರ ಮೇಲೆ, ಉಳಿಯುತ್ತದೆ. ಇದನ್ನು ಮನಗಂಡು ಐಸ್‌ಲೆಂಡು 2024ರ ಜನವರಿಯಲ್ಲಿಯೂ ನ್ಯೂಜಿಲೆಂಡು ಅದೇ ವರ್ಷದ ಏಪ್ರಿಲಿನಲ್ಲಿಯೂ ವಿದ್ಯುತ್ ಕಾರುಗಳಿಗೆ ಓಡಿದ ದೂರದ ಮೇಲೆ ಶುಲ್ಕ ವಿಧಿಸಿದವು.

ಎರಡು ಆಕ್ಷೇಪಣೆಗಳು

ಇಂತಹ ಶುಲ್ಕ ಬಡವರಿಗೆ ಭಾರವಾಗದೆ ಎಂದು ಕೇಳಬಹುದು. ಐವತ್ತು ಜನರನ್ನು ಹೊತ್ತ ಬಸ್ಸು ಸುಮಾರು ಮೂರು ಕಾರುಗಳ ಜಾಗವನ್ನು ಹಿಡಿಯುತ್ತದೆ. ಅದೇ ಜನ ಇಬ್ಬಿಬ್ಬರಂತೆ ಕಾರುಗಳಲ್ಲಿ ಹೊರಟರೆ ಇಪ್ಪತ್ತೈದು ಕಾರುಗಳು ಬೇಕು. ಜಾಗದ ಲೆಕ್ಕದಲ್ಲಿ ಸುಂಕ ಹಾಕಿದರೆ ಬಸ್ಸಿನವನ ಪಾಲಿಗೆ ಬರುವುದು ಅತ್ಯಲ್ಪ. ರಸ್ತೆ ತೆರವಾದಾಗ ಲಾಭ ಪಡೆಯುವವರಲ್ಲಿ ಅವನೇ ಮೊದಲಿಗ. ಆದರೆ ಬಸ್ಸೇ ಇಲ್ಲದ ಕಡೆ ಶುಲ್ಕ ಹಾಕಿದರೆ ಅದು ದಂಡವಾದೀತು. ಲಂಡನ್ನಿನಲ್ಲಿ 2003ರಲ್ಲಿ ಐದು ಪೌಂಡಿನ ಶುಲ್ಕ ಬಂದಾಗ ಅದರ ನಿವ್ವಳ ಆದಾಯವನ್ನು ಸಾರಿಗೆಗೇ ವಿನಿಯೋಗಿಸಬೇಕೆಂದು ಶಾಸನವಿದ್ದುದು ಈ ಕಾರಣದಿಂದಲೇ.

ಗಾಡಿ ಎಲ್ಲೆಲ್ಲಿ ಹೋಯಿತೆಂದು ಸರಕಾರ ಬರೆದಿಡುವುದು ಸರಿಯೆ ಎಂಬುದು ಇನ್ನೊಂದು ಆಕ್ಷೇಪಣೆ. ಇದನ್ನು ಅಲ್ಲಗಳೆಯುವಂತಿಲ್ಲ. ಹಾಂಗ್‌ಕಾಂಗಿನಲ್ಲಿ 1983ರಿಂದ 1985ರವರೆಗೆ ನಡೆದ ವಿದ್ಯುನ್ಮಾನ ಸುಂಕದ ಪರೀಕ್ಷೆ ಮುಂದುವರಿಯದೆ ಹೋಗಲು ಈ ಭಯವೂ ಒಂದು ಕಾರಣ. ಆದರೆ ದೂರವನ್ನು ಅಳೆಯಲು ಗಾಡಿಯೊಳಗಿನ ಮೀಟರು ಸಾಕು. ಎಲ್ಲಿ ಹೋಯಿತೆಂಬುದು ಅದಕ್ಕೆ ಬೇಡ. ಸಂದಣಿಯ ಸುಂಕಕ್ಕೆ ಗಡಿಯನ್ನು ದಾಟಿದ ವೇಳೆ ಸಾಕು. ಹಣ ಸಂದ ಮೇಲೆ ಆ ಗುರುತನ್ನು ಅಳಿಸಿಹಾಕಬಹುದು.

ಒಟ್ಟಿನಲ್ಲಿ, ಒಂದೇ ಅಳತೆಯಿಂದ ಎಲ್ಲವನ್ನೂ ಅಳೆಯಲು ಹೊರಟುದೇ ನಮ್ಮ ತೊಡಕಿಗೆ ಮೂಲ. ಹೊಗೆಗೆ ಎಣ್ಣೆಯ ತೆರಿಗೆ, ಸವಕಳಿಗೆ ಅಚ್ಚಿನ ಭಾರ ಮತ್ತು ದೂರ, ಸಂದಣಿಗೆ ಸ್ಥಳ ಮತ್ತು ವೇಳೆ, ಹೀಗೆ ಒಂದೊಂದಕ್ಕೆ ಅದರದೇ ಅಳತೆಯುಂಟು. ಹಿಂದಿನ ಸುಂಕದವನು ಹೇರನ್ನು ಎಣಿಸಿದನು. ಇಂದಿನವನು ಎಣಿಸಬೇಕಾದುದು ಒಂದು ಗಾಡಿ ಇತರರ ಮೇಲೆ ಹೊರಿಸುವ ಹೊರೆಯನ್ನು. ಆ ಲೆಕ್ಕ ಸರಿಯಾದರೆ ದಾರಿಹೋಕನು ಅವನ ಮುಂದೆ ಸುಖದುಃಖ ಹೇಳಿಕೊಳ್ಳುವ ಪ್ರಮೇಯವೂ ಕಡಮೆಯಾದೀತು.