ಪರದೇಶದಲ್ಲಿ ಮಲೇರಿಯಾ: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

ಜೀವನೋಪಾಯಕ್ಕಾಗಿ ಕಡಲು ದಾಟಿ ಹೋಗುವುದು ಇಂದು ಪಟ್ಟಣವಾಸಿಗಳಿಗೆ ಮಾತ್ರ ಮೀಸಲಾಗಿಲ್ಲ. ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನಾಂಗದ ಅನೇಕ ದಂಪತಿಗಳು ಗಿಡಮೂಲಿಕೆಯ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆ. ೨೦೨೩ರಲ್ಲಿ ಸುಡಾನಿನಲ್ಲಿ ಕಾಳಗ ಆರಂಭವಾದಾಗ ಅಲ್ಲಿ ಸಿಲುಕಿದ್ದವರಲ್ಲಿ ಇವರೂ ಇದ್ದರು. ಯುದ್ಧವಿಲ್ಲದ ಕಾಲದಲ್ಲಿಯೂ ಆ ನಾಡುಗಳಲ್ಲಿ ಪ್ರಾಣಕ್ಕೆ ಎರವಾಗಬಲ್ಲ ರೋಗವೊಂದುಂಟು. ಅದೇ ಮಲೇರಿಯಾ.

ಈ ರೋಗವು ಗಾಳಿಯಿಂದಾಗಲಿ, ನೀರಿನ ಬದಲಾವಣೆಯಿಂದಾಗಲಿ ಬರುವುದಿಲ್ಲ. ಹೆಣ್ಣು ಅನಾಫಿಲಿಸ್ ಸೊಳ್ಳೆಯ ಕಡಿತದಿಂದ ರೋಗಾಣುಗಳು ರಕ್ತವನ್ನು ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೩ರಲ್ಲಿ ಜಗತ್ತಿನಲ್ಲಿ ಸುಮಾರು ೬ ಲಕ್ಷ ಜನರು ಮಲೇರಿಯಾದಿಂದ ಮೃತರಾದರು. ಅವರಲ್ಲಿ ನೂರಕ್ಕೆ ಸುಮಾರು ೯೫ ಮಂದಿ ಆಫ್ರಿಕಾ ವಲಯದವರು. ಅಲ್ಲಿ ಹೆಚ್ಚಾಗಿರುವುದು ಮಿದುಳಿಗೂ ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲ ಫಾಲ್ಸಿಪಾರಂ ಎಂಬ ಬಗೆ.

“ಅಲ್ಲಿಯವರು ಎರಡು ದಿನ ಮಲಗಿ ಏಳುತ್ತಾರೆ, ನಮಗೇನು?” ಎಂದು ಕೆಲವರು ಕೇಳುವುದುಂಟು. ಬಾಲ್ಯದಿಂದ ಪದೇ ಪದೇ ಈ ರೋಗಕ್ಕೆ ತುತ್ತಾದ ವಯಸ್ಕರಲ್ಲಿ ಸ್ವಲ್ಪಮಟ್ಟಿನ ನಿರೋಧ ಶಕ್ತಿ ಬೆಳೆದಿರುತ್ತದೆ. ಹೊಸದಾಗಿ ಹೋದವರಲ್ಲಿ ಅದಿರುವುದಿಲ್ಲ. ಆದುದರಿಂದ ಅವರಿಗೆ ಸಾಮಾನ್ಯವಾದ ಜ್ವರವೇ ನಮಗೆ ಮಾರಕವಾಗಬಹುದು.

ಹೊರಡುವ ಮುನ್ನ: ವೈದ್ಯರನ್ನು ಕಂಡು ತಡೆ ಮಾತ್ರೆಗಳನ್ನು ಪಡೆಯಿರಿ. ಇವನ್ನು ಪ್ರಯಾಣಕ್ಕೆ ಮೊದಲೇ ಆರಂಭಿಸಿ, ಊರಿಗೆ ಮರಳಿದ ಮೇಲೂ ಹೇಳಿದಷ್ಟು ದಿನ ಸೇವಿಸಬೇಕು. ಹಳದಿ ಜ್ವರದ ಲಸಿಕೆಯು ಮಲೇರಿಯಾವನ್ನು ತಡೆಯಲಾರದು. ಪತ್ನಿಯು ಗರ್ಭಿಣಿಯಾಗಿದ್ದರೆ ಪ್ರಯಾಣವನ್ನು ಮುಂದೂಡುವುದೇ ಲೇಸು. ಬಸುರಿಯಲ್ಲಿ ಈ ರೋಗವು ತೀವ್ರ ರಕ್ತಹೀನತೆ, ಗರ್ಭಪಾತ ಹಾಗೂ ಕಡಿಮೆ ತೂಕದ ಶಿಶುವಿನ ಜನನಕ್ಕೆ ಕಾರಣವಾಗುತ್ತದೆ. ಕೆಲವು ತಡೆ ಮಾತ್ರೆಗಳನ್ನು ಆಕೆಗೆ ಕೊಡಲಾಗದು.

ಅಲ್ಲಿರುವಾಗ: ಈ ಸೊಳ್ಳೆಯು ಹೆಚ್ಚಾಗಿ ರಾತ್ರಿಯ ವೇಳೆ ಕಚ್ಚುತ್ತದೆ. ಕೀಟನಾಶಕ ಲೇಪಿಸಿದ ಸೊಳ್ಳೆಪರದೆಯೊಳಗೆ ಮಲಗಿರಿ. ಸಂಜೆಯಾಗುತ್ತಲೇ ಮೈತುಂಬ ಬಟ್ಟೆ ಧರಿಸಿರಿ. ಜ್ವರ ಬಂದರೆ ೨೪ ಗಂಟೆಗಳೊಳಗೆ ರಕ್ತ ಪರೀಕ್ಷೆ ಮಾಡಿಸಿರಿ. ಜ್ವರದ ಮಾತ್ರೆ ನುಂಗಿ ವ್ಯಾಪಾರಕ್ಕೆ ಹೊರಟರೆ ಮೈಬಿಸಿ ಇಳಿದೀತೇ ಹೊರತು ರೋಗಾಣು ಸಾಯದು. ಎಣ್ಣೆ, ಕಷಾಯಗಳು ಇದಕ್ಕೆ ಚಿಕಿತ್ಸೆಯಲ್ಲ. ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಬಾರದು.

ಮರಳಿದ ಮೇಲೆ: ಸೊಳ್ಳೆ ಕಚ್ಚಿದ ಬಳಿಕ ಜ್ವರ ಕಾಣಿಸಲು ಸಾಮಾನ್ಯವಾಗಿ ೧೦ರಿಂದ ೧೫ ದಿನ ಬೇಕು, ಕೆಲವೊಮ್ಮೆ ತಿಂಗಳುಗಳೇ ಕಳೆಯಬಹುದು. ಹೀಗಾಗಿ ಅಲ್ಲಿ ತಗುಲಿದ ರೋಗವು ಇಲ್ಲಿ, ಮನೆಯಲ್ಲಿ ತಲೆದೋರಬಹುದು. ಚಳಿಜ್ವರ, ತಲೆನೋವು, ವಾಂತಿ ಕಂಡೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ರಕ್ತ ಪರೀಕ್ಷೆಯೂ ಔಷಧಿಯೂ ಉಚಿತ. ರೋಗಿಯು ಮಂಪರಿನಲ್ಲಿದ್ದರೆ ಪ್ರಯಾಣದ ವಿಷಯ ಹೇಳಲಾರನು. ಆಗ ಜೊತೆಗಿರುವ ಪತಿ ಅಥವಾ ಪತ್ನಿಯೇ ಯಾವ ದೇಶದಿಂದ, ಎಂದು ಬಂದೆವೆಂಬುದನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ಆ ಒಂದು ಮಾತಿನಿಂದ ಚಿಕಿತ್ಸೆ ಬೇಗ ಆರಂಭವಾಗುತ್ತದೆ, ಊರಿನ ಸೊಳ್ಳೆಗಳ ಮೂಲಕ ನೆರೆಹೊರೆಗೆ ರೋಗ ಹರಡುವುದೂ ತಪ್ಪುತ್ತದೆ.