ಹಳೆಯ ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡ್: ಸತ್ತಿದೆ ಎನ್ನುವ ಮೊದಲು

ದ್ವಿತೀಯ ಪಿಯುಸಿ ಕಂಪ್ಯೂಟರ್ ವಿಜ್ಞಾನದಲ್ಲಿ ನೆಟ್‌ವರ್ಕಿಂಗ್ ಪಾಠ ಬರುತ್ತದೆ. ಬಸ್, ಸ್ಟಾರ್, ರಿಂಗ್ ಎಂದು ಚಿತ್ರ ಬಿಡಿಸುತ್ತೀರಿ, ಎನ್‌ಐಸಿ ಎಂದರೆ ನೆಟ್‌ವರ್ಕ್ ಇಂಟರ್‌ಫೇಸ್ ಕಾರ್ಡ್ ಎಂದು ಬರೆಯುತ್ತೀರಿ, ಅಂಕ ಸಿಗುತ್ತದೆ. ಆದರೆ ಆ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದವರು ತರಗತಿಯಲ್ಲಿ ಎಷ್ಟು ಜನ? ನಮ್ಮ ಲ್ಯಾಬಿನ ಹಿಂದಿನ ಸಾಲಿನಲ್ಲಿ ದಾನವಾಗಿ ಬಂದ ಹನ್ನೆರಡು ಹಳೆಯ ಪೆಂಟಿಯಂ ಯಂತ್ರಗಳಿವೆ. ರಿಪೇರಿಗೆ ಬಂದವರೊಬ್ಬರು ಅವುಗಳಲ್ಲಿ ಐದಕ್ಕೆ ‘ನೆಟ್‌ವರ್ಕ್ ಕಾರ್ಡ್ ಸತ್ತಿದೆ’ ಎಂದು ಚೀಟಿ ಅಂಟಿಸಿ, ಗುಜರಿಗೆ ಹಾಕಿ ಎಂದು ಹೇಳಿ ಹೋದರು. ಈ ಯಂತ್ರಗಳ ಫ್ಲಾಪಿ ಡ್ರೈವ್‌ಗಳು ಕೆಟ್ಟು ಬಹಳ ದಿನವಾಗಿದೆ. ಪ್ರೋಗ್ರಾಂ ಉಳಿಸುವುದು, ಪ್ರಿಂಟ್ ತೆಗೆಯುವುದು ಎಲ್ಲವೂ ಸರ್ವರ್ ಮೂಲಕವೇ. ಐದು ಯಂತ್ರ ಹೋದರೆ ಒಂದು ಕೀಬೋರ್ಡಿಗೆ ನಾಲ್ಕು ಜನ ಕೂರಬೇಕು. ನಾಲ್ಕು ಗಂಟೆಯ ಬಸ್ಸು ಹಿಡಿಯುವ ಹುಡುಗಿಯರಿಗೆ ಸರದಿಯೇ ಬರುವುದಿಲ್ಲ.

ಆ ಐದನ್ನೂ ಒಂದೊಂದಾಗಿ ಬಿಚ್ಚಿ ನೋಡಿದೆ. ನಾಲ್ಕು ಕಾರ್ಡ್‌ಗಳಿಗೆ ಏನೂ ಆಗಿರಲಿಲ್ಲ. ಹೇಗೆ ಗೊತ್ತಾಯಿತು ಎಂಬುದೇ ಈ ಪಾಠ.

ಮೊದಲು ಕಣ್ಣಿನಿಂದ ನೋಡಿ. ಕಾರ್ಡಿನ ಹಿಂಬದಿಯಲ್ಲಿ, ಕೇಬಲ್ ಸಿಕ್ಕಿಸುವ ಜಾಗದ ಪಕ್ಕದಲ್ಲಿ ಒಂದು ಚಿಕ್ಕ ದೀಪ ಇರುತ್ತದೆ, ಲಿಂಕ್ ಲೈಟ್. ಅದು ಉರಿಯದಿದ್ದರೆ ವಿಂಡೋಸ್ ಒಳಗೆ ಹೋಗಿ ಸೆಟ್ಟಿಂಗ್ ತಿರುವುತ್ತಾ ಕೂರುವುದು ವ್ಯರ್ಥ. ಪಕ್ಕದ ಯಂತ್ರದಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ಕೇಬಲನ್ನು ತಂದು ಹಾಕಿ. ಆಗಲೂ ಉರಿಯದಿದ್ದರೆ ಸ್ವಿಚ್ಚಿನ ಬೇರೆ ಪೋರ್ಟಿಗೆ ಹಾಕಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಸರಿಹೋಗಬಹುದು, ಯಾವುದರಿಂದ ಸರಿಹೋಯಿತು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಆಮೇಲೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಕೇಸಿನ ಲೋಹವನ್ನು ಒಮ್ಮೆ ಮುಟ್ಟಿ (ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲಿ), ಕಾರ್ಡನ್ನು ಸ್ಲಾಟಿನಿಂದ ಹೊರತೆಗೆಯಿರಿ. ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ, ನೇರವಾಗಿ ಒತ್ತಿ ಕೂರಿಸಿ. ಚೀಟಿ ಅಂಟಿದ್ದ ಮೊದಲ ಯಂತ್ರಕ್ಕೆ ಬೇಕಾಗಿದ್ದದ್ದು ಇಷ್ಟೇ.

ಎರಡನೆಯದು ಸ್ವಾರಸ್ಯಕರ. ಅದರ ಕಾರ್ಡಿಗೆ ಎರಡು ಬಾಯಿ: ಒಂದು ಈಗಿನ ಆರ್‌ಜೆ-45, ಇನ್ನೊಂದು ಟಿವಿ ಕೇಬಲಿನಂಥ ದುಂಡು ತಂತಿಗೆ ಹಾಕುವ ಬಿಎನ್‌ಸಿ. ಇಂಥವನ್ನು ಕಾಂಬೋ ಕಾರ್ಡ್ ಎನ್ನುತ್ತಾರೆ. ಯಾವ ಬಾಯಿಯಿಂದ ಮಾತಾಡಬೇಕೆಂದು ಜಂಪರಿನಿಂದಲೋ, ಕಾರ್ಡಿನ ಜೊತೆ ಬರುತ್ತಿದ್ದ ಡಾಸ್ ಪ್ರೋಗ್ರಾಮಿನಿಂದಲೋ ಹೇಳಬೇಕಿತ್ತು. ನಮ್ಮದು ಬಿಎನ್‌ಸಿಗೆ ನಿಂತಿತ್ತು, ಕೇಬಲ್ ಆರ್‌ಜೆ-45ರಲ್ಲಿತ್ತು. ದೀಪ ಉರಿಯುವುದಾದರೂ ಹೇಗೆ? ಜಂಪರನ್ನು ಒಂದು ಪಿನ್ ಪಕ್ಕಕ್ಕೆ ಸರಿಸಿದ ಕೂಡಲೇ ಉರಿಯಿತು.

ಮೂರನೆಯದರಲ್ಲಿ ದೀಪ ಉರಿಯುತ್ತಿತ್ತು, ಆದರೆ ಮೌಸ್ ಅಲುಗಾಡಿಸಿದರೆ ನೆಟ್‌ವರ್ಕ್ ನಿಲ್ಲುತ್ತಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಕಾರ್ಡಿಗೆ ದತ್ತಾಂಶ ಬಂದಾಗ ಅದು ಪ್ರೊಸೆಸರಿನ ಬಾಗಿಲು ತಟ್ಟಬೇಕು. ಆ ತಟ್ಟುವಿಕೆಗೆ ಇಂಟರಪ್ಟ್ ಎಂದು ಹೆಸರು. ಹಳೆಯ ಪಿಸಿಯಲ್ಲಿ ಇದಕ್ಕೆ 0ರಿಂದ 15ರವರೆಗೆ ಹದಿನಾರು ಗೆರೆಗಳು, ಅಂದರೆ ಐಆರ್‌ಕ್ಯೂಗಳು. 0 ಟೈಮರಿಗೆ, 1 ಕೀಬೋರ್ಡಿಗೆ, 3 ಎರಡನೆಯ ಸೀರಿಯಲ್ ಪೋರ್ಟಿಗೆ, 4 ಮೊದಲನೆಯ ಸೀರಿಯಲ್ ಪೋರ್ಟಿಗೆ, 14 ಹಾರ್ಡ್ ಡಿಸ್ಕಿಗೆ. ನಂತರ ಬಂದ ಪಿಸಿಐ ಸ್ಲಾಟಿನ ಕಾರ್ಡ್‌ಗಳು ಒಂದೇ ಗೆರೆಯನ್ನು ಹಂಚಿಕೊಳ್ಳಬಲ್ಲವು. ಅದಕ್ಕೂ ಹಿಂದಿನ ಐಎಸ್‌ಎ ಕಾರ್ಡ್‌ಗಳು ಸಾಮಾನ್ಯವಾಗಿ ಹಂಚಿಕೊಳ್ಳಲಾರವು. ಎರಡು ಮನೆಗೆ ಒಂದೇ ಕರೆಗಂಟೆ ಹಾಕಿದ ಹಾಗೆ. ಬಾರಿಸಿದಾಗ ಯಾರು ಬಾಗಿಲು ತೆಗೆಯಬೇಕು?

ನಾವೆಲ್ ಕಂಪನಿಯ ಎನ್‌ಇ2000 ಎಂಬ ಐಎಸ್‌ಎ ಕಾರ್ಡನ್ನು ನಕಲು ಮಾಡಿ ಎಷ್ಟೋ ಕಂಪನಿಗಳು ಅಗ್ಗದ ಕಾರ್ಡ್ ತಯಾರಿಸಿದವು. ಅಂಥವು ಬಹಳಷ್ಟು ಐಆರ್‌ಕ್ಯೂ 3, ವಿಳಾಸ 300 (ಹೆಕ್ಸಾಡೆಸಿಮಲ್) ಎಂದು ಹೊಂದಿಸಿಕೊಂಡೇ ಬರುತ್ತಿದ್ದವು. ನಮ್ಮ ಯಂತ್ರದ ಮೌಸ್ ಎರಡನೆಯ ಸೀರಿಯಲ್ ಪೋರ್ಟಿನಲ್ಲಿತ್ತು. ಇಬ್ಬರೂ ಮೂರನೆಯ ಗಂಟೆಯನ್ನೇ ಬಾರಿಸುತ್ತಿದ್ದರು. ಕಾರ್ಡನ್ನು 10ಕ್ಕೆ ಬದಲಿಸಿದೆ. 5 ಕೂಡ ಖಾಲಿ ಇರಬಹುದು, ಆದರೆ ಸೌಂಡ್ ಕಾರ್ಡ್ ಇದ್ದರೆ ಅದು ಹೆಚ್ಚಾಗಿ ಅಲ್ಲೇ ಕೂತಿರುತ್ತದೆ.

ನಾಲ್ಕನೆಯದರ ತಪ್ಪು ಕಾರ್ಡಿನದೇ ಅಲ್ಲ, ಕೇಬಲಿನದು. 10 ಮತ್ತು 100 ಎಂಬಿಪಿಎಸ್ ಈಥರ್ನೆಟ್‌ಗೆ ಎಂಟು ತಂತಿಗಳಲ್ಲಿ 1, 2, 3, 6 ಮಾತ್ರ ಸಾಕು. 1-2 ಒಂದು ಹುರಿ, 3-6 ಒಂದು ಹುರಿ. ಯಾರೋ ಬಣ್ಣ ನೋಡದೆ 1-2, 3-4 ಎಂದು ಸಾಲಾಗಿ ಹುರಿಗಳನ್ನು ಕೂರಿಸಿದ್ದರು. ಎರಡು ತುದಿಯಲ್ಲೂ ಒಂದೇ ಕ್ರಮವಿದ್ದುದರಿಂದ ಟೆಸ್ಟರಿನ ದೀಪಗಳು ಸರಿಯಾಗಿಯೇ ಹೊತ್ತಿಕೊಂಡವು. ಆದರೆ ಸಂಕೇತ ಹೋಗುವ 3 ಮತ್ತು 6 ಬೇರೆ ಬೇರೆ ಹುರಿಗೆ ಸೇರಿದ್ದವು. ಹುರಿ ಮಾಡುವುದೇ ಗದ್ದಲ ಕಳೆಯಲು. ಜೋಡಿ ತಪ್ಪಿದರೆ ಆ ಲಾಭ ಹೋಯಿತು. ಟೆಸ್ಟರ್ ಹೇಳಿದ್ದನ್ನೆಲ್ಲ ನಂಬಬೇಡಿ, ತುದಿಯ ಬಣ್ಣಗಳನ್ನು ಓದಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ದುಂಡು ತಂತಿಯ ವಿಷಯ ಬಂತಲ್ಲ, ನಿಮ್ಮ ಬಸ್ ಟೊಪಾಲಜಿ ಎಂದರೆ ಅದೇ. 10ಬೇಸ್2 ಎಂದು ಹೆಸರು. ಒಂದು ತುಂಡು 185 ಮೀಟರ್ ಮೀರಬಾರದು, ಅದರಲ್ಲಿ 30ಕ್ಕಿಂತ ಹೆಚ್ಚು ಯಂತ್ರ ಇರಬಾರದು, ಎರಡೂ ತುದಿಗೆ 50 ಓಮ್‌ನ ಟರ್ಮಿನೇಟರ್ ಬೇಕು. ಎಲ್ಲಾದರೂ ಒಂದು ಕಡೆ ತುಂಡಾದರೆ ಎಲ್ಲರಿಗೂ ನೆಟ್‌ವರ್ಕ್ ಇಲ್ಲ. ಪಾಠದಲ್ಲಿ ಬಸ್ಸಿನ ದೋಷ ಎಂದು ಬಾಯಿಪಾಠ ಮಾಡುತ್ತೀರಲ್ಲ, ಅದು ಇದು. ಪತ್ತೆ ಹಚ್ಚಲು ಯಂತ್ರಗಳನ್ನೆಲ್ಲ ಆರಿಸಿ, ಒಂದು ‘ಟಿ’ಯನ್ನು ಕಾರ್ಡಿನಿಂದ ಬಿಡಿಸಿ, ಅದರ ನಡುಪಿನ್ನಿಗೂ ಹೊರಕವಚಕ್ಕೂ ಮಲ್ಟಿಮೀಟರ್ ಹಿಡಿಯಿರಿ. ಭೌತಶಾಸ್ತ್ರದ ಸಮಾಂತರ ಜೋಡಣೆ ನೆನಪಿಸಿಕೊಳ್ಳಿ: 50ಕ್ಕೆ 50 ಸಮಾಂತರ ಇದ್ದರೆ 25. ಮೀಟರ್ 25ರ ಆಸುಪಾಸು ತೋರಿಸಿದರೆ ತಂತಿ ಸರಿ. 50 ತೋರಿಸಿದರೆ ಒಂದು ಟರ್ಮಿನೇಟರ್ ಕಾಣುತ್ತಿಲ್ಲ, ಎಲ್ಲೋ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್.

ಎಲ್ಲಿ ತುಂಡಾಗಿದೆ? ಹನ್ನೆರಡು ಯಂತ್ರಗಳ ಸಾಲಿನಲ್ಲಿ ಒಂದೊಂದಾಗಿ ನೋಡುವುದು ಲೀನಿಯರ್ ಸರ್ಚ್. ನಡುವೆ ಬಿಚ್ಚಿ, ಅಲ್ಲಿಗೆ ಒಂದು ಹೆಚ್ಚುವರಿ ಟರ್ಮಿನೇಟರ್ ಹಾಕಿ ಎಡಭಾಗವನ್ನು ಅಳೆಯಿರಿ. 25 ಬಂದರೆ ದೋಷ ಬಲಕ್ಕಿದೆ, ಇಲ್ಲವಾದರೆ ಎಡಕ್ಕೆ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ನಾಲ್ಕು ಅಳತೆಯೊಳಗೆ ಸಿಕ್ಕಿಬೀಳುತ್ತದೆ. ನೀವು ಪುಸ್ತಕದಲ್ಲಿ ಬರೆಯುವ ಬೈನರಿ ಸರ್ಚ್ ಇದೇ. ಹಿಂದಿನ ಸಾಲಿನ ಕೊನೆಯ ಮೇಜಿನ ಮೇಲೆ ಒಂದು ತುಂಡು ದುಂಡು ತಂತಿ, ಎರಡು ಟರ್ಮಿನೇಟರ್ ಇಟ್ಟಿದ್ದೇನೆ, ಅಳೆದು ನೋಡಬಹುದು.

ದೀಪ ಉರಿಯುತ್ತಿದ್ದೂ ಸರ್ವರ್ ಸಿಗದಿದ್ದರೆ ಪಿಂಗ್ ಮಾಡಿ. ಇಲ್ಲೊಂದು ಎಚ್ಚರಿಕೆ. 127.0.0.1ಕ್ಕೆ ಉತ್ತರ ಬಂದರೆ ಕಾರ್ಡ್ ಸರಿ ಇದೆ ಎಂದು ವೈವಾದಲ್ಲಿ ಹೇಳುವವರು ಪ್ರತಿ ವರ್ಷ ಇರುತ್ತಾರೆ. ಆ ಪಿಂಗ್ ಕಾರ್ಡಿನವರೆಗೆ ಹೋಗುವುದೇ ಇಲ್ಲ. ಯಂತ್ರದೊಳಗಿನ ಟಿಸಿಪಿ/ಐಪಿ ತಂತ್ರಾಂಶವನ್ನಷ್ಟೇ ಪರೀಕ್ಷಿಸುತ್ತದೆ. ಪಕ್ಕದ ಯಂತ್ರದ ವಿಳಾಸಕ್ಕೆ ಪಿಂಗ್ ಮಾಡಿದಾಗಲೇ ಕಾರ್ಡಿನ ಬಂಡವಾಳ ತಿಳಿಯುವುದು. ನಿಮ್ಮ ಯಂತ್ರದ ವಿಳಾಸ 169.254ರಿಂದ ಶುರುವಾಗಿದ್ದರೆ, ವಿಳಾಸ ಕೇಳಿದಾಗ ಸರ್ವರ್ ಉತ್ತರಿಸಿಲ್ಲ, ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಪಿಂಗ್ ಸರಿಯಾಗಿದ್ದು ಫೈಲ್ ನಕಲು ಮಾತ್ರ ಆಮೆಯಂತೆ ಸಾಗಿದರೆ, ಕಾರ್ಡನ್ನು ಯಾರೋ ಫುಲ್ ಡ್ಯೂಪ್ಲೆಕ್ಸ್‌ಗೆ ಬಿಗಿದು, ಸ್ವಿಚ್ ಹಾಫ್‌ನಲ್ಲಿ ಉಳಿದಿರುತ್ತದೆ. ಎರಡನ್ನೂ ಆಟೋಗೆ ಬಿಡಿ.

ಇಷ್ಟಾಗಿಯೂ ಈ ಸಾಲಿನ ಯಂತ್ರಗಳನ್ನು ಇಂಟರ್ನೆಟ್ಟಿಗೆ ಜೋಡಿಸಿಲ್ಲ, ಜೋಡಿಸುವುದೂ ಇಲ್ಲ. ವಿಂಡೋಸ್ ಎಕ್ಸ್‌ಪಿಗೇ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೆ ಬೆಂಬಲ ನಿಲ್ಲಿಸಿತು. ಇವುಗಳಲ್ಲಿರುವುದು ವಿಂಡೋಸ್ 98. ಲ್ಯಾಬಿನ ಒಳಗಿನ ಸರ್ವರ್ ಸಾಕು.

ಐದನೆಯ ಕಾರ್ಡ್ ನಿಜಕ್ಕೂ ಸತ್ತಿತ್ತು. ಚಿಪ್ಪಿನ ಮೇಲೆ ಸುಟ್ಟ ಕಲೆ, ಮೂಗಿಗೆ ಹಿಡಿದರೆ ಈಗಲೂ ವಾಸನೆ. ನಮ್ಮ ಶಿವಪುರ 1938ರ ಧ್ವಜ ಸತ್ಯಾಗ್ರಹಕ್ಕೆ ಹೆಸರಾದ ಊರು, ಕಂಪ್ಯೂಟರ್ ಬಿಡಿಭಾಗಕ್ಕಲ್ಲ. ಮದ್ದೂರಿನಲ್ಲಿ ಸಿಗಲಿಲ್ಲ, ಮಂಡ್ಯದಲ್ಲೂ ಇಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರಿಯಲ್‌ಟೆಕ್ 8139 ಚಿಪ್ಪಿನ ಹಳೆಯ ಪಿಸಿಐ ಕಾರ್ಡ್ ತರಿಸಿ ಹಾಕಿದ್ದಾಯಿತು. ಸುಟ್ಟ ಕಾರ್ಡನ್ನು ಎಸೆದಿಲ್ಲ, ಮೊದಲ ಬೀರುವಿನಲ್ಲಿದೆ. ಶುಕ್ರವಾರ ಜುಮಾ ನಮಾಜಿನ ನಂತರ ಲ್ಯಾಬ್ ತೆರೆದಿರುತ್ತದೆ. ಸ್ಕ್ರೂಡ್ರೈವರ್ ನಾನು ಕೊಡುತ್ತೇನೆ, ಪೆನ್ಸಿಲ್ ರಬ್ಬರ್ ನೀವು ತನ್ನಿ.