ಪೇಟೆ ರಸ್ತೆಯ ಜೀಬ್ರಾ ಪಟ್ಟೆ ಚಾಲಕನಿಗೇಕೆ ಕಾಣುವುದಿಲ್ಲ?

ಪೇಟೆಯ ಮುಖ್ಯ ರಸ್ತೆಯಲ್ಲಿ ಪಾದಚಾರಿಯೊಬ್ಬರು ವಾಹನಕ್ಕೆ ಸಿಕ್ಕಿ ಮೃತಪಟ್ಟರೆ ನಾವು ಮಾಡುವ ಮೊದಲ ಕೆಲಸವೆಂದರೆ, ಜೀಬ್ರಾ ಪಟ್ಟೆ ಮಾಸಿಹೋಗಿದೆ, ಕೂಡಲೇ ಬಣ್ಣ ಹಾಕಿಸಬೇಕು ಎಂದು ನಗರ ಪಾಲಿಕೆಗೆ ಮನವಿ ಸಲ್ಲಿಸುವುದು. ಬಣ್ಣ ಬರುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹೋಗಿಯೂ ಬಿಡುತ್ತದೆ. ಬಣ್ಣ ಬೇಡವೆಂದು ಯಾರೂ ಹೇಳಲಾರರು. ಆದರೆ ದಾಟುವ ಸ್ಥಳವು ಚಾಲಕನ ಕಣ್ಣಿಗೆ ಬೀಳದಿರುವುದಕ್ಕೆ ಬಣ್ಣಕ್ಕಿಂತ ದೊಡ್ಡ ಕಾರಣವೊಂದಿದ್ದು, ಅದು ನಮ್ಮ ಅಂಗಡಿಗಳ ಮುಂದೆಯೇ ನಿಂತಿರುತ್ತದೆ. ಅದನ್ನು ಲೆಕ್ಕಸಮೇತ ವಿವರಿಸುವುದು ಈ ಲೇಖನದ ಉದ್ದೇಶ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ. ಅವರ ಪೈಕಿ 32,825 ಮಂದಿ ಪಾದಚಾರಿಗಳು. ಅಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಇವರಲ್ಲಿ ಗಿರಾಕಿಗಳೂ ಇರುತ್ತಾರೆ, ಹಮಾಲರೂ ಇರುತ್ತಾರೆ, ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಲು ಬರುವ ನೌಕರರೂ ಇರುತ್ತಾರೆ ಎಂಬುದನ್ನು ವರ್ತಕರಾದ ನಾವು ಮರೆಯಬಾರದು.

ದಾವಣಗೆರೆಯ ಪಿ.ಬಿ. ರಸ್ತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹೆಸರೇ ಹೇಳುವಂತೆ ಇದು ಹಿಂದಿನ ಪುಣೆ–ಬೆಂಗಳೂರು ಹೆದ್ದಾರಿ. ದೂರದ ಲಾರಿಗಳು ಬೈಪಾಸ್ ಹಿಡಿದ ಮೇಲೆ ಅದು ಊರಿನ ವ್ಯಾಪಾರದ ರಸ್ತೆಯಾಗಿ ಉಳಿಯಿತು. ಅಗಲ ಮತ್ತು ನೇರವಾದ ಓಟ ಮಾತ್ರ ಹೆದ್ದಾರಿಯದೇ. ಬಸ್ಸಿನಿಂದ ಇಳಿದವರು, ಬಟ್ಟೆ ಕೊಳ್ಳಲು ಬಂದವರು, ಬೆಣ್ಣೆ ದೋಸೆ ತಿನ್ನಲು ಬಂದವರು ಎಲ್ಲರೂ ಅದನ್ನು ಕಾಲ್ನಡಿಗೆಯಲ್ಲಿ ದಾಟಬೇಕು. ಧಾರವಾಡ, ಬೆಳಗಾವಿಗಳ ಹಳೆಯ ಹೆದ್ದಾರಿಯ ಪಾಡೂ ಇದೇ. ಗಾಡಿ ಓಡಿಸುವವನಿಗೆ ರಸ್ತೆಯು ‘ವೇಗವಾಗಿ ಹೋಗು’ ಎನ್ನುತ್ತದೆ. ಎರಡೂ ಬದಿಯ ಅಂಗಡಿಗಳು ಜನರನ್ನು ‘ಇತ್ತ ಬಾ’ ಎನ್ನುತ್ತವೆ.

ಲೆಕ್ಕ ಏನು ಹೇಳುತ್ತದೆ?

ಚಾಲಕನು ಅಪಾಯವನ್ನು ಕಂಡು, ಗ್ರಹಿಸಿ, ಬ್ರೇಕ್ ಒತ್ತಿ ವಾಹನವನ್ನು ನಿಲ್ಲಿಸಲು ಬೇಕಾಗುವ ದೂರವನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಗದಿ ಮಾಡಿದೆ. ಗಂಟೆಗೆ 30 ಕಿ.ಮೀ. ವೇಗಕ್ಕೆ 30 ಮೀಟರ್, 40 ಕಿ.ಮೀ. ವೇಗಕ್ಕೆ 45 ಮೀಟರ್, 50 ಕಿ.ಮೀ. ವೇಗಕ್ಕೆ 60 ಮೀಟರ್. ವೇಗ ಹೆಚ್ಚಿದಷ್ಟೂ ದೂರವು ಅದಕ್ಕಿಂತ ಬೇಗ ಬೆಳೆಯುವುದನ್ನು ಗಮನಿಸಬೇಕು.

ಈಗ ಜೀಬ್ರಾ ಪಟ್ಟೆಗೆ ತಾಗಿದಂತೆ, ವಾಹನಗಳು ಬರುವ ಬದಿಯಲ್ಲಿ, ಮಾಲು ಇಳಿಸುವ ಒಂದು ಸಣ್ಣ ಗೂಡ್ಸ್ ಗಾಡಿ ನಿಂತಿದೆ ಎಂದುಕೊಳ್ಳೋಣ. ಅದರ ಅಗಲ ಒಂದೂವರೆ ಮೀಟರ್. ಎತ್ತರ ಸಾಮಾನ್ಯ ಮನುಷ್ಯನನ್ನು ಪೂರ್ತಿ ಮರೆಮಾಡುವಷ್ಟು. ಫುಟ್‌ಪಾತ್ ಅಂಚಿನಲ್ಲಿ ನಿಂತ ವ್ಯಕ್ತಿ ಚಾಲಕನಿಗೆ ಕಾಣುವುದೇ ಇಲ್ಲ. ಆತ ಒಂದೂವರೆ ಮೀಟರ್ ರಸ್ತೆಗಿಳಿದು ಗಾಡಿಯ ಮರೆಯಿಂದ ಹೊರಬಂದಾಗ ಮಾತ್ರ ಕಾಣುತ್ತಾನೆ. ಅಲ್ಲಿಂದ ಓಡುವ ವಾಹನದ ಹಾದಿ ಕೇವಲ ಒಂದು ಮೀಟರ್ ಆಚೆ. ಸೆಕೆಂಡಿಗೆ 1.2 ಮೀಟರ್ ನಡೆಯುವವನಿಗೆ ಆ ಒಂದು ಮೀಟರ್ ಕ್ರಮಿಸಲು ಒಂದು ಸೆಕೆಂಡೂ ಬೇಡ. ಅಷ್ಟರಲ್ಲಿ 40 ಕಿ.ಮೀ. ವೇಗದ ಕಾರು ಒಂಬತ್ತು ಮೀಟರ್ ಮುಂದೆ ಬಂದಿರುತ್ತದೆ. ನಿಲ್ಲಿಸಲು ಬೇಕಾದದ್ದು 45. ಇಲ್ಲಿ ಚಾಲಕನ ಜಾಗರೂಕತೆ, ಪಾದಚಾರಿಯ ಶಿಸ್ತು ಯಾವುದೂ ಕೆಲಸಕ್ಕೆ ಬರುವುದಿಲ್ಲ. ನೆಲದ ಮೇಲಿನ ಬಣ್ಣ ನಿನ್ನೆಯಷ್ಟೇ ಬಳಿದದ್ದಾಗಿದ್ದರೂ ಫಲಿತಾಂಶ ಒಂದೇ.

ಅದೇ ಗೂಡ್ಸ್ ಗಾಡಿಯನ್ನು ಪಟ್ಟೆಯಿಂದ ಹಿಂದಕ್ಕೆ ನಿಲ್ಲಿಸಿದರೆ? ಕಾರಿನ ಚಾಲಕ ಬಲಗಡೆ ಕುಳಿತಿರುವುದರಿಂದ ಅವನ ಕಣ್ಣು ಫುಟ್‌ಪಾತ್ ಅಂಚಿನಿಂದ ಸುಮಾರು ಮೂರೂಮುಕ್ಕಾಲು ಮೀಟರ್ ದೂರದಲ್ಲಿರುತ್ತದೆ. ಶಾಲೆಯಲ್ಲಿ ಕಲಿತ ಸಮರೂಪ ತ್ರಿಭುಜಗಳ ಲೆಕ್ಕವನ್ನೇ ಹಾಕಿದರೆ, ಖಾಲಿ ಬಿಟ್ಟ ಜಾಗದ ಎರಡೂವರೆ ಪಟ್ಟು ದೂರದಿಂದ ಅಂಚಿನಲ್ಲಿ ನಿಂತ ಪಾದಚಾರಿ ಅವನಿಗೆ ಕಾಣುತ್ತಾನೆ. ಹೀಗಾಗಿ 30 ಕಿ.ಮೀ. ವೇಗದ ರಸ್ತೆಯಲ್ಲಿ 12 ಮೀಟರ್, 40ರಲ್ಲಿ 18 ಮೀಟರ್, 50ರಲ್ಲಿ 24 ಮೀಟರ್ ಖಾಲಿ ಇರಬೇಕು. ಅಂಗಡಿಯವರ ಭಾಷೆಯಲ್ಲಿ ಹೇಳುವುದಾದರೆ, ವೇಗವನ್ನು 50ರಿಂದ 30ಕ್ಕೆ ಇಳಿಸಿದರೆ ನಾವು ಬಿಟ್ಟುಕೊಡಬೇಕಾದ ಜಾಗ ಅರ್ಧಕ್ಕಿಳಿಯುತ್ತದೆ. ವೇಗದ ಮಿತಿಗೆ ವರ್ತಕರು ವಿರೋಧ ವ್ಯಕ್ತಪಡಿಸುವುದನ್ನು ಕಂಡಾಗಲೆಲ್ಲ ಈ ಲೆಕ್ಕವನ್ನು ಮುಂದಿಡಬೇಕೆನಿಸುತ್ತದೆ.

ಬ್ರಿಟನ್ನಿನಲ್ಲಿ 1951ರಲ್ಲಿ ಜೀಬ್ರಾ ಪಟ್ಟೆ ಜಾರಿಗೆ ಬಂದಿತು. ಪಟ್ಟೆಯೊಂದೇ ಸಾಲದೆಂದು ಕಂಡುಬಂದು 1971ರಲ್ಲಿ ಅದರ ಎರಡೂ ಬದಿಗೆ ಅಂಕುಡೊಂಕು ಗೆರೆಗಳನ್ನು ಸೇರಿಸಲಾಯಿತು. ಆ ಗೆರೆಗಳಿರುವಲ್ಲಿ ವಾಹನ ನಿಲ್ಲಿಸುವಂತಿಲ್ಲ, ಮುಂದಿನದನ್ನು ಹಿಂದಿಕ್ಕುವಂತಿಲ್ಲ. ಎರಡನೆಯ ನಿಷೇಧವೂ ಅರ್ಥಪೂರ್ಣವಾದುದೇ: ಒಂದು ವಾಹನ ಪಾದಚಾರಿಗೆ ದಾರಿ ಬಿಟ್ಟು ನಿಂತಾಗ ಅದೇ ವಾಹನ ಪಕ್ಕದ ಸಾಲಿನಲ್ಲಿ ಬರುವವನಿಗೆ ಮರೆಯಾಗುತ್ತದೆ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತವು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ಸಾಲುಗಳುಳ್ಳ, ದಟ್ಟಣೆಯ ರಸ್ತೆಗಳಲ್ಲಿ ಕೇವಲ ಪಟ್ಟೆ ಬಳಿದ ಸ್ಥಳಗಳಲ್ಲಿ ಪಾದಚಾರಿ ಅಪಘಾತದ ಪ್ರಮಾಣವು ಪಟ್ಟೆಯಿಲ್ಲದ ಸ್ಥಳಗಳಿಗಿಂತ ಹೆಚ್ಚಾಗಿಯೇ ಕಂಡುಬಂದಿತು.

ಪರಿಹಾರಗಳಲ್ಲಿ ಯಾವುದು ಮೇಲು?

ನಮ್ಮ ಪೇಟೆಗಳಲ್ಲಿ ‘ವಾಹನ ನಿಲ್ಲಿಸಬಾರದು’ ಎಂಬ ಫಲಕಕ್ಕೆ ಸಿಗುವ ಮರ್ಯಾದೆ ಎಲ್ಲರಿಗೂ ತಿಳಿದದ್ದೇ. ಆದಕಾರಣ ದಾಟುವ ಸ್ಥಳದಲ್ಲಿ ಫುಟ್‌ಪಾತನ್ನೇ ಒಂದೂವರೆಯಿಂದ ಎರಡು ಮೀಟರಿನಷ್ಟು ರಸ್ತೆಯೊಳಕ್ಕೆ ಚಾಚುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉತ್ತಮ ಉಪಾಯ. ಆಗ ಪಾದಚಾರಿಯು ನಿಂತ ವಾಹನಗಳ ಹೊರಅಂಚಿನ ಸಾಲಿಗೆ ಬಂದು ಕಾಯುತ್ತಾನೆ. ಅಂಚು ಹಿಡಿದು ಬರುವ ದ್ವಿಚಕ್ರ ಸವಾರನಿಗೂ ಕಾಣುತ್ತಾನೆ. ಮೇಲಿನ ಲೆಕ್ಕವು ಕಾರಿನದು. ಸವಾರನ ಕಣ್ಣು ನಿಂತ ಗಾಡಿಗಳಿಗೆ ಇನ್ನೂ ಹತ್ತಿರ ಇರುವುದರಿಂದ ಕೇವಲ ಜಾಗ ಬಿಡುವುದರಿಂದ ಅವನಿಗೆ ಪೂರ್ಣ ಪ್ರಯೋಜನ ದೊರೆಯದು. ಚಾಚಿದ ಫುಟ್‌ಪಾತಿನ ಮೇಲೆ ಗಾಡಿ ಹತ್ತದಂತೆ ಮೋಟುಕಂಬಗಳನ್ನು ನೆಟ್ಟರೆ ಪೊಲೀಸರು ಕಾಯಬೇಕಾಗಿಲ್ಲ. ದಾಟುವ ದೂರವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಪಟ್ಟೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸುವ ಕ್ರಮವೂ ಇದೆ. ವೇಗ ತಾನಾಗಿ ತಗ್ಗುತ್ತದೆ, ವೃದ್ಧರಿಗೂ ಗಾಲಿಕುರ್ಚಿಯವರಿಗೂ ಅನುಕೂಲ. ಆದರೆ ಚರಂಡಿಯ ಹರಿವಿಗೆ ದಾರಿ ಮಾಡದೆ ಎತ್ತರಿಸಿದರೆ ಮೊದಲ ಮಳೆಗೇ ನೀರು ಅಂಗಡಿಗಳಿಗೆ ನುಗ್ಗುತ್ತದೆ. ಮರುದಿನ ಅದನ್ನು ಒಡೆಯಿರೆಂದು ಒತ್ತಾಯಿಸುವವರೂ ನಾವೇ ಆಗಿರುತ್ತೇವೆ.

ರಾತ್ರಿಯ ವಿಚಾರ ಬೇರೆ. ಗಾಜಿನ ಸಣ್ಣ ಮಣಿಗಳನ್ನು ಬೆರೆಸಿ ಬಿಸಿಯಾಗಿ ಹಚ್ಚುವ ಥರ್ಮೋಪ್ಲಾಸ್ಟಿಕ್ ಲೇಪನವು ಹೆಡ್‌ಲೈಟಿನ ಬೆಳಕನ್ನು ಚಾಲಕನ ಕಡೆಗೇ ಹಿಂದಿರುಗಿಸುತ್ತದೆ. ಮೇಲೆ ನೀರು ನಿಂತಾಗ ಈ ಗುಣ ಬಹುಮಟ್ಟಿಗೆ ನಷ್ಟವಾಗುತ್ತದೆ. ಅಲ್ಲದೆ ಅದು ತೋರಿಸುವುದು ಪಟ್ಟೆಯನ್ನು, ಮನುಷ್ಯನನ್ನಲ್ಲ. ಮನುಷ್ಯ ಕಾಣಬೇಕಾದರೆ ಬೀದಿದೀಪವು ಪಟ್ಟೆಯ ನೆತ್ತಿಯ ಮೇಲಾಗಲಿ ಆಚೆಗಾಗಲಿ ಇರದೆ, ವಾಹನ ಬರುವ ದಿಕ್ಕಿನಲ್ಲಿ ಕೆಲವು ಮೀಟರ್ ಮೊದಲೇ ಇರಬೇಕು. ಆಗ ಬೆಳಕು ದಾಟುವವನ ಮೈಮೇಲೆ, ಚಾಲಕ ನೋಡುವ ಬದಿಗೇ ಬೀಳುತ್ತದೆ. ಕಣ್ಣು ಕೋರೈಸುವ ಎಲ್‌ಇಡಿ ನಾಮಫಲಕಗಳ ಹಿನ್ನೆಲೆಯಲ್ಲಿ ಕಡುಬಣ್ಣದ ಬಟ್ಟೆ ತೊಟ್ಟವರು ಕರಗಿಹೋಗುತ್ತಾರೆ. ಪಟ್ಟೆಯ ಸಮೀಪದ ಫಲಕಗಳ ಪ್ರಖರತೆಯನ್ನು ತಗ್ಗಿಸಲು ಯಾವ ಕಚೇರಿಯ ಅಪ್ಪಣೆಯೂ ಬೇಕಿಲ್ಲ.

ವ್ಯಾಪಾರಕ್ಕೆ ಪೆಟ್ಟು ಬೀಳುವುದೇ?

‘ಗಾಡಿ ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ’ ಎಂಬ ಆತಂಕ ಸಹಜವಾದುದು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಒಂದು ವ್ಯಾಪಾರದ ಬೀದಿಯನ್ನು ಕುರಿತು 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇಲ್ಲಿ ಉಲ್ಲೇಖನೀಯ. ಗಿರಾಕಿಗಳಲ್ಲಿ ಶೇ. 41 ಮಂದಿ ಕಾರಿನಲ್ಲಿ ಬರುತ್ತಾರೆಂದು ಅಂಗಡಿಯವರು ಅಂದಾಜಿಸಿದ್ದರು. ವಾಸ್ತವದಲ್ಲಿ ಹಾಗೆ ಬಂದವರು ಶೇ. 22. ಬ್ರಿಸ್ಟಲ್ ಬೇರೆ, ನಮ್ಮ ಊರು ಬೇರೆ ಎನ್ನುವವರು ಒಂದು ಶನಿವಾರ ತಮ್ಮ ಬಾಗಿಲಲ್ಲಿ ಕುಳಿತು, ಒಳಬಂದವರಲ್ಲಿ ನಡೆದು ಬಂದವರೆಷ್ಟು, ಬಸ್ಸಿನಲ್ಲಿ ಬಂದವರೆಷ್ಟು, ಎದುರಿನ ಜಾಗದಲ್ಲೇ ಗಾಡಿ ನಿಲ್ಲಿಸಿದವರೆಷ್ಟು ಎಂದು ಬರೆದಿಡಲಿ. ಆ ಜಾಗದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತಿರುವುದು ಯಾರ ಗಾಡಿ ಎಂಬುದನ್ನೂ ಬರೆಯಬೇಕು. ಬಹಳ ಕಡೆ ಅದು ಮಾಲೀಕರದೇ ಆಗಿರುತ್ತದೆ.

ಕಾನೂನಿನ ಮಾತು ಸಂಕ್ಷಿಪ್ತವಾಗಿ. 2017ರ ಮೋಟಾರು ವಾಹನ ಚಾಲನಾ ವಿನಿಯಮಗಳ ಪ್ರಕಾರ ಸಿಗ್ನಲ್ ಇಲ್ಲದ ಪಾದಚಾರಿ ದಾಟುಸ್ಥಳದಲ್ಲಿ ಚಾಲಕನು ವೇಗ ತಗ್ಗಿಸಿ, ನಿಂತು, ದಾರಿ ಬಿಡಬೇಕು. 2019ರ ತಿದ್ದುಪಡಿಯಿಂದ ಸೇರಿದ 198ಎ ಪ್ರಕರಣದಂತೆ, ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಯಾದ ಪ್ರಾಧಿಕಾರ ಇಲ್ಲವೆ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ವ್ಯಾಪ್ತಿಗೆ ಸೇರಿದ್ದೆಂದು ಹೇಳಿದೆ.

ಆದ್ದರಿಂದ ಮನವಿ ಸಲ್ಲಿಸುವಾಗ ‘ಬಣ್ಣ ಬಳಿಯಿರಿ’ ಎಂದಷ್ಟೇ ಬರೆಯದೆ, ಟೇಪು ಹಿಡಿದು ಅಳೆದ ನಕ್ಷೆಯನ್ನು ಲಗತ್ತಿಸುವುದು ಸೂಕ್ತ: ಪಟ್ಟೆಯ ಸ್ಥಾನ, ವಾಹನಗಳು ನಿಲ್ಲುವ ಜಾಗ, ದೀಪದ ಕಂಬ, ಟ್ರಾನ್ಸ್‌ಫಾರ್ಮರ್, ಚರಂಡಿ, ಮರದ ಕೊಂಬೆ. ಅದರ ಪ್ರತಿಯು ಪಾಲಿಕೆಗೂ, ಸಂಚಾರ ಪೊಲೀಸರಿಗೂ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಹೋಗಲಿ. ಅದರೊಡನೆ, ಪಟ್ಟೆಯ ಅಕ್ಕಪಕ್ಕದ ನಾಲ್ಕಾರು ಅಂಗಡಿಯವರು ಮಾಲು ಇಳಿಸುವ ಕೆಲಸವನ್ನು ಬೆಳಿಗ್ಗೆ ಒಂಬತ್ತರೊಳಗೆ ಮುಗಿಸುವುದಾಗಿಯೂ, ತಡವಾಗಿ ಬಂದ ಗಾಡಿಯನ್ನು ಅಡ್ಡರಸ್ತೆಯಲ್ಲಿ ನಿಲ್ಲಿಸುವುದಾಗಿಯೂ ಸಹಿ ಮಾಡಿದ ಒಪ್ಪಿಗೆ ಪತ್ರವಿರಲಿ. ಅಡ್ಡರಸ್ತೆಯಿಂದ ಹೊರಬೇಕಾದ ಹಮಾಲರಿಗೆ ಕೂಲಿ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ. ಅದನ್ನು ಯಾರು ಎಷ್ಟು ಭರಿಸಬೇಕೆಂಬುದನ್ನು ಪತ್ರಕ್ಕೆ ಸಹಿ ಹಾಕುವ ಮುನ್ನವೇ ಮಾತಾಡಿಕೊಳ್ಳತಕ್ಕದ್ದು.